ನಾಲ್ಕನೇ ಓಟಕ್ಕೆ ಕಾಲು ಏಕೆ ಏಳುವುದಿಲ್ಲ?

ಶಾಲಾ ಕ್ರೀಡಾಕೂಟಕ್ಕೆ ಮಕ್ಕಳು ತಯಾರಾಗುವುದನ್ನು ನೀವು ನೋಡಿರಬಹುದು. ಮೊದಲ ಸಲ ಬಾಣದಂತೆ ಓಡಿದ ಹುಡುಗಿ ಮೂರನೇ ಸಲಕ್ಕೆ ನಿಧಾನವಾಗುತ್ತಾಳೆ. ನಾಲ್ಕನೇ ಸಲ ತೊಡೆ ಉರಿಯುತ್ತದೆ, ಕಾಲು ಏಳುವುದೇ ಇಲ್ಲ. “ನಾಟಕ ಸಾಕು, ಓಡು” ಎಂದು ಗದರಿಸುವವರೇ ಹೆಚ್ಚು. ಇದು ನಿಜಕ್ಕೂ ನಾಟಕವೇ?

ಬಿರುಸಿನ ಓಟಕ್ಕೆ ಆ ಕ್ಷಣದ ಶಕ್ತಿ ಒದಗಿಸುವುದು ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ವಸ್ತು. ನಾವು ಅಡುಗೆಮನೆಯ ಡಬ್ಬಿಯಲ್ಲಿ ಇಡುವ ಚಿಲ್ಲರೆ ಹಣದಂತೆ ಅದು ಬೇಗ ಕೈಗೆ ಸಿಗುತ್ತದೆ, ಬೇಗ ಮುಗಿಯುತ್ತದೆ. ಹತ್ತು ಸೆಕೆಂಡ್ ಶಕ್ತಿಮೀರಿ ಓಡಿದರೆ ಸುಮಾರು ಅರ್ಧ ಖಾಲಿ! ಅದು ಮತ್ತೆ ತುಂಬಲು 3ರಿಂದ 5 ನಿಮಿಷವಾದರೂ ಬೇಕು. ಅರ್ಧ ನಿಮಿಷಕ್ಕೇ ಮತ್ತೆ ಸೀಟಿ ಊದಿದರೆ? ಡಬ್ಬಿ ತುಂಬಿರುವುದಿಲ್ಲ. ಜೊತೆಗೆ, ಖರ್ಚಾದ ಫಾಸ್ಫೇಟ್ ಸ್ನಾಯುವಿನೊಳಗೆ ಸೇರಿಕೊಂಡು ಅದರ ಬಲವನ್ನೂ ಕುಗ್ಗಿಸುತ್ತದೆ.

ದಣಿವಿಗೆಲ್ಲ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ನಾವು ಪಾಠದಲ್ಲಿ ಓದಿದ್ದೆವು. ವಿಜ್ಞಾನಿಗಳು ಈಗ ಹಾಗೆ ಹೇಳುವುದಿಲ್ಲ. ಲ್ಯಾಕ್ಟೇಟನ್ನು ನಮ್ಮ ಹೃದಯವೇ ಇಂಧನವಾಗಿ ಬಳಸುತ್ತದೆ. ಮರುದಿನದ ಮೈಕೈ ನೋವಿಗೂ ಅದು ಕಾರಣವಲ್ಲ. ಆ ನೋವು ಸ್ನಾಯುವಿನ ಎಳೆಗಳಿಗೆ ಆಗುವ ಸಣ್ಣಪುಟ್ಟ ಪೆಟ್ಟಿನದು. ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಖಾಲಿಯಾದ ಡಬ್ಬಿ ತುಂಬಲು ಆಮ್ಲಜನಕ ಬೇಕು. ಅದನ್ನು ಹೊತ್ತು ತರುವುದು ರಕ್ತದ ಹಿಮೋಗ್ಲೋಬಿನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಅರ್ಧಕ್ಕಿಂತ ಹೆಚ್ಚು! ಗೆಳತಿಯರೆಲ್ಲ ಸುಧಾರಿಸಿಕೊಂಡು ಎದ್ದರೂ ನಿಮ್ಮ ಮಗಳು ಕುಳಿತೇ ಇದ್ದರೆ, ಮೆಟ್ಟಿಲು ಹತ್ತುವಾಗಲೂ ಏದುಸಿರು ಬಿಡುತ್ತಿದ್ದರೆ ಅವಳನ್ನು ಸೋಮಾರಿ ಎನ್ನಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. (ಮಗಳಿಗೆ ಮಾಡಿಸುವಾಗ ತಾಯಿಯೂ ಮಾಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ದಣಿವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಲ್ಲ!)

ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರೆ ಚಹಾದ ಜೊತೆ ನುಂಗಿಸಬೇಡಿ. ಕಬ್ಬಿಣ ಮೈಗೆ ಹತ್ತಲು ಚಹಾ ಅಡ್ಡಿ, ನಿಂಬೆಹಣ್ಣಿನ ಪಾನಕ ಸಹಾಯಕ. ಓಟದ ಅಭ್ಯಾಸವನ್ನು ಬಿಡಿಸುವ ಅಗತ್ಯವಿಲ್ಲ. ಎಷ್ಟು ಓಡಬಹುದೆಂದು ವೈದ್ಯರನ್ನೇ ಕೇಳಿ. ಎರಡು ಓಟಗಳ ನಡುವೆ ಎಷ್ಟು ನಿಮಿಷ ಬಿಡುವು ಕೊಡುತ್ತೀರೆಂದು ಶಾಲೆಯ ದೈಹಿಕ ಶಿಕ್ಷಕರನ್ನೂ ವಿಚಾರಿಸಿ. ಇನ್ನು, ವಿಪರೀತ ವ್ಯಾಯಾಮದ ನಂತರ ಮೂತ್ರ ಚಹಾ ಡಿಕಾಕ್ಷನ್‌ನಂತೆ ಕಪ್ಪಾದರೆ ಮನೆಮದ್ದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.