ಟೇಪಿಗಿಳಿದ ಪ್ರಸಂಗ
ವೈದ್ಯವೃತ್ತಿಯನ್ನು ತೊರೆದು ಧರ್ಮಬೋಧನೆಗೆ ಬಂದವರೂ, 1968ರವರೆಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಚಾಪೆಲಿನ ಸಭಾಪಾಲಕರೂ ಆಗಿದ್ದ ಮಾರ್ಟಿನ್ ಲಾಯ್ಡ್-ಜೋನ್ಸ್ ಅವರು, ಪ್ರಸಂಗವೆಂಬುದು ಬೋಧಕನೂ ಸಭೆಯೂ ಮುಖಾಮುಖಿಯಾದ ಕ್ಷಣದಲ್ಲಿಯೇ ಜೀವಿಸತಕ್ಕದ್ದೆಂಬ ನಂಬಿಕೆಯಿಂದ, 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಧ್ವನಿಮುದ್ರಣವನ್ನು ಕಟುವಾಗಿಯೇ ಖಂಡಿಸಿದರು. ವಿಧಿಯ ವಿನೋದವನ್ನು ನೋಡಿರಿ: ಟೇಪಿಗಿಳಿದಿದ್ದ ಅವರದೇ ಸುಮಾರು 1600 ಪ್ರಸಂಗಗಳು ಇಂದು ಅಂತರ್ಜಾಲದಲ್ಲಿ, 1981ರಲ್ಲಿ ಗತಿಸಿದ ಅವರನ್ನು ಎಂದೂ ಕಾಣದವರ ಕಿವಿಗೂ ಉಚಿತವಾಗಿ ಒದಗುತ್ತಿವೆ.

ಹೀಗೆ ಪ್ರಸಂಗವನ್ನು ಧ್ವನಿಮುದ್ರಿಸಿ ಹಂಚುವ ಕಾರ್ಯಕ್ಕೆ ಮಹಾಯಂತ್ರಗಳೇನೂ ಬೇಡ. ಎತ್ತರದ ಕಲ್ಲುಗೋಡೆಗಳ ಇಗರ್ಜಿಯಲ್ಲಿ ದೂರದ ಮೈಕು ಮಾತಿನೊಡನೆ ಪ್ರತಿಧ್ವನಿಯನ್ನೂ ಹೀರುವುದರಿಂದ, ಬೋಧಕರ ಅಂಗಿಗೆ ಸಿಕ್ಕಿಸಿದ ಪುಟ್ಟ ಮೈಕೇ ಲೇಸು. ಬರಿಯ ಮಾತಿಗೆ ಸ್ಟೀರಿಯೋ ಅನವಶ್ಯಕ. ಸೆಕೆಂಡಿಗೆ 64 ಕಿಲೋಬಿಟ್ಟಿನ ಎಂಪಿ3 ಕಡತವಾಗಿ ಸಂಕೋಚಿಸಿದಲ್ಲಿ ಒಂದು ಗಂಟೆಯ ಪ್ರಸಂಗವು ಸುಮಾರು 29 ಮೆಗಾಬೈಟಿನೊಳಗೆ ಅಡಕವಾಗುತ್ತದೆ. ಕೀರ್ತನೆಗಳ ಮಾತು ಬೇರೆ. ಹಕ್ಕುಸ್ವಾಮ್ಯವುಳ್ಳ ಗೀತೆಯನ್ನು ಅನುಮತಿಯಿಲ್ಲದೆ ಹಂಚಲಾಗದು. ಪ್ರಾರ್ಥನೆಯಲ್ಲಿ ರೋಗಿಗಳ ಹೆಸರು ಬಂದಿದ್ದರೆ ಅದನ್ನು ಕತ್ತರಿಸುವುದು ಸೌಜನ್ಯ. ನಡುನಡುವೆ ಕೇಳಿಬರುವ ಶಿಶುವಿನ ಅಳುವನ್ನು ಮಾತ್ರ ನಾನಾದರೆ ಕತ್ತರಿಸೆನು: ಹಾಸಿಗೆ ಹಿಡಿದ ವೃದ್ಧೆಯೊಬ್ಬಳಿಗೆ, ತಾನು ಎಂದಿನ ಬೆಂಚಿನಲ್ಲಿಯೇ ಕುಳಿತಿರುವೆನೆಂಬ ಭಾವವನ್ನು ಅದು ಕೊಟ್ಟೀತು.