ದೆಹಲಿಯಲ್ಲಿ ಗೆರೆ ಮೂಡಿದ ಬಗೆ

ಸುನ್ನಿ–ಶಿಯಾ ಭೇದ ಹುಟ್ಟಿದ್ದು ದೆಹಲಿಯಲ್ಲಲ್ಲ. ಪ್ರವಾದಿ ಮುಹಮ್ಮದರು 632ರಲ್ಲಿ ತೀರಿಕೊಂಡ ಮೇಲೆ ಮುಂದಾಳತ್ವ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯಲ್ಲಿ ಅದರ ಬೇರಿದೆ. 680ರಲ್ಲಿ ಪ್ರವಾದಿಯ ಮೊಮ್ಮಗ ಹತರಾದ ಕರ್ಬಲಾ ದುರಂತ ಅದನ್ನು ತೀವ್ರಗೊಳಿಸಿತು. ಹತ್ತನೇ ಶತಮಾನದ ಬಾಗ್ದಾದಿನಲ್ಲಿ ಗ್ರಂಥ, ಆಚರಣೆಗಳೂ ಬೇರೆಬೇರೆಯಾದವು. ಆದರೆ ಸಿದ್ಧಾಂತ ಹೋದಲ್ಲೆಲ್ಲ ಸಮುದಾಯದ ಗಡಿಯೂ ಅದರ ಬೆನ್ನಿಗೇ ಹೋಯಿತು ಎನ್ನಲಾಗದು. ಯಾರು ಯಾವ ಕಡೆಯವರು ಎಂಬುದನ್ನು ಆಯಾ ಊರಿನ ಅಧಿಕಾರದ ಜಗಳಗಳು ತೀರ್ಮಾನಿಸಿದವು ಎಂಬುದಕ್ಕೆ ದೆಹಲಿಯೇ ಸಾಕ್ಷಿ.

ರಜಿಯಾ ಸುಲ್ತಾನಾ ಆಳುತ್ತಿದ್ದ 1237ರ ಮಾರ್ಚ್‌ನ ಒಂದು ಶುಕ್ರವಾರ ಸುಮಾರು ಸಾವಿರ ಮಂದಿ ಕತ್ತಿ ಹಿಡಿದು ದೆಹಲಿಯ ಜಾಮಾ ಮಸೀದಿಗೆ ನುಗ್ಗಿದರು. ಅವರು ಶಿಯಾಗಳ ಒಂದು ಶಾಖೆಯಾದ ಇಸ್ಮಾಯಿಲಿ ಪಂಗಡದವರು, ಅವರನ್ನು ಕೆರಳಿಸಿದವನು ನೂರ್ ತುರ್ಕ್ ಎಂದು ಆಸ್ಥಾನ ಇತಿಹಾಸಕಾರ ಮಿನ್ಹಾಜ್ ಬರೆಯುತ್ತಾನೆ. ಆದರೆ ಮುಂದಿನ ಶತಮಾನದಲ್ಲಿ, ಅಮೀರ್ ಹಸನ್ ದಾಖಲಿಸಿದ ಮಾತುಕತೆಗಳಲ್ಲಿ, ಸುನ್ನಿಗಳು ಗೌರವಿಸುವ ನಿಜಾಮುದ್ದೀನ್ ಔಲಿಯಾ ಅವರು ಈ ಆರೋಪವನ್ನೇ ತಳ್ಳಿಹಾಕುತ್ತಾರೆ. ನೂರ್ ತುರ್ಕ್ ಉಲೇಮಾಗಳ (ಧರ್ಮವಿದ್ವಾಂಸರ) ಲೌಕಿಕ ಆಸೆಯನ್ನು ಟೀಕಿಸಿದ್ದರಿಂದ ಆ ಉಲೇಮಾಗಳು ಹಗೆ ಸಾಧಿಸಿದರು ಎಂಬುದು ನಿಜಾಮುದ್ದೀನರ ವಾದ. ಒಬ್ಬನೇ ವ್ಯಕ್ತಿ ಒಬ್ಬರಿಗೆ ಧರ್ಮಭ್ರಷ್ಟ, ಇನ್ನೊಬ್ಬರಿಗೆ ಸಜ್ಜನ. ಗಡಿ ಇನ್ನೂ ವಿವಾದದಲ್ಲಿತ್ತು.

ಹಾಗಾದರೆ ಶಿಯಾಗಳು ಎದುರಾಳಿಗಳ ಕಲ್ಪನೆಯೇ ಎಂದು ಕೇಳಬಹುದು. ಖಂಡಿತ ಅಲ್ಲ. ಫಿರೋಜ್ ಷಾ ತುಘಲಕ್ (1351–1388) ತನ್ನ ಸಾಧನೆಗಳನ್ನು ಹೇಳಿಕೊಳ್ಳುವ ಕೃತಿಯಲ್ಲಿ ಶಿಯಾಗಳ ಪುಸ್ತಕಗಳನ್ನು ಬಹಿರಂಗವಾಗಿ ಸುಡಿಸಿದ್ದಾಗಿ ಬರೆದಿದ್ದಾನೆ. ಸುಡಲು ಪುಸ್ತಕಗಳಿದ್ದವು ಎಂದರೆ ಬರೆಯುವವರು, ಓದುವವರು, ಬೋಧಿಸುವವರು ಇದ್ದರು. ಆದರೆ ಅವರು ಹೊಸಬರನ್ನು ಸೆಳೆಯುತ್ತಿದ್ದಾರೆ ಎಂಬುದೇ ಅವನ ದೂರು. ಜನ ಆಚೀಚೆ ದಾಟುತ್ತಿದ್ದುದರಿಂದಲೇ ಸುಲ್ತಾನನಿಗೆ ಬೇಲಿ ಬೇಕಾಯಿತು.

ನಾಲ್ಕು ಶತಮಾನಗಳ ಬಳಿಕವೂ ಇದೇ ತರ್ಕ ಕಾಣುತ್ತದೆ. 1748ರಲ್ಲಿ ಶಿಯಾ ಆಗಿದ್ದ ಸಫ್ದರ್‌ಜಂಗ್ ಮೊಘಲ್ ವಜೀರನಾದ. 1753ರಲ್ಲಿ ಅವನ ವಿರೋಧಿಗಳೊಡನೆ ದೆಹಲಿಯಲ್ಲೇ ಕಾಳಗ ನಡೆದಾಗ ಆಸ್ಥಾನದ ಬಣ ರಾಜಕೀಯಕ್ಕೆ ಪಂಥದ ಬಣ್ಣವೂ ಬಂತು. 1790ರ ಸುಮಾರಿಗೆ ದೆಹಲಿಯ ಸುನ್ನಿ ವಿದ್ವಾಂಸ ಷಾ ಅಬ್ದುಲ್ ಅಜೀಜ್ ಶಿಯಾ ಮತವನ್ನು ಖಂಡಿಸಿ ‘ತುಹ್ಫಾ’ ಬರೆದರು. ಒಬ್ಬಿಬ್ಬರಾದರೂ ಆ ಕಡೆಗೆ ವಾಲದ ಮನೆ ಅಪರೂಪ ಎಂಬ ಆತಂಕ ಅದರ ಪೀಠಿಕೆಯಲ್ಲಿದೆ. ಅದಕ್ಕೆ ಉತ್ತರ ಬರೆದ ಮಿರ್ಜಾ ಮುಹಮ್ಮದ್ ಕಾಮಿಲ್ ಕೂಡ ದೆಹಲಿಯವರೇ. ಒಂದೇ ಮನೆಯೊಳಗೆ ಎರಡೂ ನಂಬಿಕೆಗಳಿದ್ದವು. ಅವನ್ನು ಬೇರ್ಪಡಿಸಲೆಂದೇ ಗ್ರಂಥಗಳು ಹುಟ್ಟಿದವು. 632 ಎಂಬುದು ಜಗಳದ ವಿಷಯವನ್ನು ತಿಳಿಸುತ್ತದೆಯೇ ಹೊರತು ಗಡಿ ಕಟ್ಟಿದ ಕಾಲವನ್ನಲ್ಲ.