ಧ್ರುವನೆಲದ ಉಸಿರಿಗೆ ಲೆಕ್ಕ ಹಿಡಿದ ಯುವ ಸಂಶೋಧಕರು

ಸಗಣಿಯಿಂದ ಅಡುಗೆಯ ಅನಿಲ ದೊರೆಯುವುದು ನಮ್ಮ ಗ್ರಾಮಾಂತರ ಬಂಧುಗಳಿಗೆ ಹೊಸ ಸಂಗತಿಯೇನಲ್ಲ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಗಾಳಿಯ ಸೋಂಕಿಲ್ಲದೆ ಕೊಳೆತ ಸಗಣಿಯಿಂದ ಹೊರಟು, ಒಲೆಯಲ್ಲಿ ನೀಲಿ ಜ್ವಾಲೆಯಾಗಿ ಉರಿಯುವ ಆ ಅನಿಲದ ಮುಖ್ಯಾಂಶವೇ ಮೀಥೇನ್. ಕೆರೆಯ ಕೆಸರನ್ನು ಕೋಲಿನಿಂದ ಕಲಕಿದಾಗ ಬುಳುಬುಳು ಎಂದು ಮೇಲೇಳುವ ಗುಳ್ಳೆಗಳಲ್ಲಿಯೂ ಇದೇ ಇರುತ್ತದೆ. ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಮಜ್ಜೋರೆ ಸರೋವರದ ಜೌಗಿನಿಂದ ಇಂತಹ ಗುಳ್ಳೆಗಳನ್ನು ಸಂಗ್ರಹಿಸಿ, ಅವು ಹೊತ್ತಿ ಉರಿಯುವುದನ್ನು ಕಂಡುಕೊಂಡನು.

ಆದರೆ ಮೀಥೇನ್ ಅನಿಲಕ್ಕೆ ಇನ್ನೊಂದು ತವರುಮನೆಯುಂಟು. ಕೋಟ್ಯಂತರ ವರ್ಷಗಳ ಹಿಂದೆ ಸತ್ತು ಹೂತುಹೋದ ಗಿಡಮರ ಜೀವಜಂತುಗಳ ಅವಶೇಷವು ಶಿಲಾಪದರಗಳ ನಡುವೆ ಸಿಲುಕಿ, ಭೂಗರ್ಭದ ಶಾಖದಿಂದ ಬೆಂದು, ಕಲ್ಲಿದ್ದಲು, ಎಣ್ಣೆ ಹಾಗೂ ಅನಿಲಗಳಾಗಿ ಮಾರ್ಪಟ್ಟಿದೆ. ಆ ಶಿಲೆಗಳಲ್ಲಿ ಬಿರುಕು ದೊರೆತೆಡೆಯಲ್ಲಿ ಅನಿಲ ತಾನಾಗಿಯೇ ಹೊರಸೂಸುತ್ತದೆ. ಹಿಮಾಚಲ ಪ್ರದೇಶದ ಕಾಂಗ್ಡಾ ಜಿಲ್ಲೆಯ ಜ್ವಾಲಾಮುಖಿ ಕ್ಷೇತ್ರದಲ್ಲಿ ಎಣ್ಣೆ ಬತ್ತಿಗಳಿಲ್ಲದೆ ಕಲ್ಲಿನ ಸಂದಿನಿಂದ ಉರಿಯುವ ಜ್ಯೋತಿಯನ್ನು ಯಾತ್ರಾರ್ಥಿಗಳು ಕಂಡಿರಬಹುದು. ಭೂವಿಜ್ಞಾನಿಗಳ ದೃಷ್ಟಿಯಲ್ಲಿ ಅದು ನೆಲದಾಳದಿಂದ ಬರುವ ನೈಸರ್ಗಿಕ ಅನಿಲದ ಉರಿ. ಭೂಮಿಯು ಹೀಗೆ ತಾನಾಗಿ ಹೊರಬಿಡುವ ಮೀಥೇನ್ ಎಷ್ಟು ಎಂಬ ಪ್ರಶ್ನೆಯನ್ನು ಹಿಡಿದು ಇತ್ತೀಚಿನ ವರ್ಷಗಳಲ್ಲಿ ಕೆಲವು ಯುವ ಸಂಶೋಧಕರು ಧ್ರುವಪ್ರದೇಶಗಳಿಗೆ ತೆರಳಿ, ಡಾಕ್ಟರೇಟ್ ಪದವಿಗಾಗಿ ನಡೆಸಿದ ಅಧ್ಯಯನಗಳು ಲೋಕದ ಗಮನವನ್ನು ಸೆಳೆದಿವೆ.

ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಇಪ್ಪತ್ತು ವರ್ಷಗಳ ಅವಧಿಯನ್ನು ಗಣನೆಗೆ ತೆಗೆದುಕೊಂಡರೆ, ತೂಕಕ್ಕೆ ತೂಕ, ಇಂಗಾಲದ ಡೈ ಆಕ್ಸೈಡಿಗಿಂತ 80 ಪಟ್ಟಿಗೂ ಮಿಗಿಲಾಗಿ ಮೀಥೇನ್ ಭೂಮಿಯನ್ನು ಕಾಯಿಸಬಲ್ಲುದು. 1750ರ ಸುಮಾರಿಗೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 720ರಷ್ಟಿದ್ದ ಮೀಥೇನ್ ಅಣುಗಳು ಈಗ 1900ನ್ನು ದಾಟಿವೆ. ಒಂದೇ ಸಮಾಧಾನವೆಂದರೆ, ಇದು ಸುಮಾರು ಹನ್ನೆರಡು ವರ್ಷಗಳಲ್ಲಿ ವಾತಾವರಣದಲ್ಲಿ ಕರಗಿಹೋಗುತ್ತದೆ. ಇಂದು ಕಡಿಮೆ ಮಾಡಿದರೆ ನಮ್ಮ ಮಕ್ಕಳ ಕಾಲಕ್ಕೇ ಫಲ ಕಾಣಬಹುದು. ಆದರೆ ಕಡಿಮೆ ಮಾಡಲು ಹೊರಟವರಿಗೆ, ಇದರಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದು ಮೊದಲು ತಿಳಿಯಬೇಡವೇ?

ನಾರ್ವೆ ದೇಶಕ್ಕೂ ಉತ್ತರಧ್ರುವಕ್ಕೂ ನಡುವೆ ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವಿದೆ. ಅದರ ಅರ್ಧಕ್ಕೂ ಹೆಚ್ಚು ನೆಲವನ್ನು ಹಿಮನದಿಗಳು ಆವರಿಸಿವೆ. ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯನು ಫೆಬ್ರವರಿಯವರೆಗೆ ಮತ್ತೆ ಮೂಡುವುದಿಲ್ಲ. ಊರಿನ ಎಲ್ಲೆ ದಾಟುವವರು ಹಿಮಕರಡಿಯ ಭಯದಿಂದ ಕೋವಿಯನ್ನು ಜೊತೆಗೊಯ್ಯುವುದು ಅಲ್ಲಿನ ವಾಡಿಕೆ. ನೆಲದಡಿಯಲ್ಲಿ ಕಲ್ಲಿದ್ದಲೂ ಉಂಟು, ಶೇಲ್ ಎಂಬ ಪದರಗಲ್ಲೂ ಉಂಟು. ಶತಮಾನಕ್ಕೂ ಮೀರಿ ನಡೆದ ಗಣಿಗಾರಿಕೆಯಲ್ಲಿ ನಾರ್ವೆಯವರ ಕೊನೆಯ ಗಣಿ 2025ರಲ್ಲಿ ಮುಚ್ಚಿತು. ನಮ್ಮ ಭಾರತ ಸರ್ಕಾರದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಲ್ಲಿ ಆರಂಭವಾದದ್ದೂ ಇದೇ ದ್ವೀಪಸಮೂಹದ ನ್ಯೂ-ಆಲೆಸುಂಡ್ ಎಂಬ ಪುಟ್ಟ ವಸತಿಯಲ್ಲಿ.

ಇಲ್ಲಿನ ನೆಲವು ನೂರಾರು ಅಡಿಗಳ ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಇಂತಹ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಈ ಹೆಪ್ಪುನೆಲವೂ ಅದರ ನಡುವಿನ ಹಿಮನದಿಗಳೂ ಸೇರಿ, ಕೆಳಗಿನ ಶಿಲೆಗಳಲ್ಲಿರುವ ಅನಿಲಕ್ಕೆ ಬಿಗಿಯಾದ ಮುಚ್ಚಳದಂತಿವೆ. ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಸ್ವಾಲ್ಬಾರ್ಡ್ ಬಿಸಿಯಾಗುತ್ತಿದೆ, ಹಿಮನದಿಗಳು ಹಿಂದೆ ಸರಿಯುತ್ತಿವೆ. ಅವು ತೆರವು ಮಾಡಿದ ಬರಿಯ ನೆಲದಲ್ಲಿ ಅಂತರ್ಜಲವು ಚಿಲುಮೆಯಾಗಿ ಮೇಲೆ ಬರತೊಡಗಿದೆ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದ ಸಂಶೋಧಕಿ ಗೇಬ್ರಿಯೆಲ್ ಕ್ಲೆಬರ್ ಅವರು ಸ್ವಾಲ್ಬಾರ್ಡಿನ ವಿಶ್ವವಿದ್ಯಾಲಯ ಕೇಂದ್ರದ ಆಂಡ್ರ್ಯೂ ಹಾಡ್ಸನ್ ಮೊದಲಾದವರೊಡನೆ ಕೈಗೆತ್ತಿಕೊಂಡದ್ದು ಈ ಚಿಲುಮೆಗಳನ್ನೇ. ಅವುಗಳನ್ನು ಹುಡುಕಿದ ಬಗೆ ಸೊಗಸಾಗಿದೆ. ಚಳಿಗಾಲದಲ್ಲಿ ಹಿಮ ಕರಗಿ ಹರಿಯುವ ತೊರೆಗಳೆಲ್ಲ ಬತ್ತಿಹೋಗುತ್ತವೆ. ಆದರೆ ಭೂಮಿಯಾಳದಿಂದ ಬರುವ ಒರತೆ ನಿಲ್ಲುವುದಿಲ್ಲ. ಹೊರಬಂದೊಡನೆ ಅದು ಹೆಪ್ಪುಗಟ್ಟಿ, ಹಿಮನದಿಯ ಮುಂದೆ ನೀಲಿಛಾಯೆಯ ಮಂಜುಗಡ್ಡೆಯ ಹಾಸಾಗಿ ಹರಡಿಕೊಳ್ಳುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಈ ಹಾಸುಗಳನ್ನು ಗುರುತಿಸಿ, ಹಿಮದ ಮೇಲೆ ಓಡುವ ಮೋಟಾರು ವಾಹನವೇರಿ ಒಂದೊಂದೇ ಸ್ಥಳಕ್ಕೆ ಹೋಗಿ, ಒಳಗಿನ ಒತ್ತಡದಿಂದ ಬೊಕ್ಕೆಯಂತೆ ಉಬ್ಬಿದ ಗಡ್ಡೆಯನ್ನು ಕೊರೆದು ನೀರನ್ನು ಸಂಗ್ರಹಿಸಲಾಯಿತು. 2021 ಮತ್ತು 2022ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ನಡೆದ ಕೆಲಸವಿದು. ನಡುಗುವ ಚಳಿಯಲ್ಲಿ 78 ಹಿಮನದಿಗಳ ಮುಂಭಾಗವನ್ನು ಶೋಧಿಸಿ, ನೂರಕ್ಕೂ ಹೆಚ್ಚು ಚಿಲುಮೆಗಳ ನೀರನ್ನು ಸೀಸೆಗಳಲ್ಲಿ ತುಂಬಿ ತಂದ ಈ ದುಡಿಮೆಗೆ ಶರಣರ ಮಾತಿನಲ್ಲಿ ಕಾಯಕವೆಂಬ ಹೆಸರು ಸಲ್ಲುತ್ತದೆ ಎಂದು ನನ್ನ ಭಾವನೆ.

ಪರೀಕ್ಷೆಯ ಫಲಿತಾಂಶ ಅವರನ್ನೇ ಬೆರಗುಗೊಳಿಸಿರಬೇಕು. ಗಾಳಿಯೊಡನೆ ಸಮತೋಲದಲ್ಲಿರುವ ಸಾಮಾನ್ಯ ನೀರಿನಲ್ಲಿ ಇರಬೇಕಾದುದಕ್ಕಿಂತ 6 ಲಕ್ಷ ಪಟ್ಟಿನವರೆಗೆ ಹೆಚ್ಚು ಮೀಥೇನ್ ಈ ನೀರಿನಲ್ಲಿ ಕರಗಿತ್ತು! ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿದವರಿಗೆ ಇದರ ಮರ್ಮ ಸುಲಭವಾಗಿ ಹೊಳೆಯುತ್ತದೆ. ಗೋಲಿ ಬಿಗಿಯಾಗಿ ಕುಳಿತಿರುವವರೆಗೆ ಬಾಟಲಿಯಲ್ಲಿ ತಿಳಿನೀರು ಮಾತ್ರ ಕಾಣುತ್ತದೆ, ಗೋಲಿಯನ್ನು ಒತ್ತಿದೊಡನೆ ಅಡಗಿದ್ದ ಅನಿಲವೆಲ್ಲ ನೊರೆಯಾಗಿ ಉಕ್ಕುತ್ತದೆ. ಭೂಗರ್ಭದ ಒತ್ತಡದಲ್ಲಿ ಅನಿಲವನ್ನು ಹೀರಿಕೊಂಡ ನೀರು ಮೇಲೆ ಬಂದಾಗ ಆಗುವುದೂ ಇಷ್ಟೇ. ಶೇಲ್ ಪದರವಿರುವ ಕಡೆಗಳಲ್ಲಿ ಅನಿಲದ ಪ್ರಮಾಣ ಮಿಗಿಲಾಗಿತ್ತು. ಅನಿಲದ ಇಂಗಾಲವನ್ನು ಪರೀಕ್ಷಿಸಿದಾಗ, ಅದು ಜೌಗಿನಲ್ಲಿ ಹುಟ್ಟಿದ್ದಲ್ಲ, ಭೂಶಾಖದಲ್ಲಿ ಬೆಂದ ಪ್ರಾಚೀನ ಶಿಲೆಯದು ಎಂಬುದಕ್ಕೆ ಪುರಾವೆ ದೊರೆಯಿತು. 2023ರ ಜುಲೈನಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದ ಅಂದಾಜಿನಂತೆ, ಇಡೀ ಸ್ವಾಲ್ಬಾರ್ಡಿನ ಇಂತಹ ಚಿಲುಮೆಗಳಿಂದ ವರ್ಷಕ್ಕೆ 2,310 ಟನ್‌ಗಳವರೆಗೆ ಮೀಥೇನ್ ಹೊರಬೀಳುತ್ತದೆ. ನಾರ್ವೆಯ ತೈಲ ಮತ್ತು ಅನಿಲ ಉದ್ಯಮವು ವರ್ಷಕ್ಕೆ ಹೊರಬಿಡುವ ಮೀಥೇನಿನ ಸುಮಾರು ಹತ್ತರಲ್ಲೊಂದು ಪಾಲು ಇದಾಗುತ್ತದೆ.

ಈ ಅಂಕಿಯನ್ನು ಕಂಡು ಗಾಬರಿಯಾಗಬೇಕಿಲ್ಲ. ಇಡೀ ಜಗತ್ತಿನ ಎಲ್ಲ ಮೂಲಗಳಿಂದ ವರ್ಷಕ್ಕೆ ಸುಮಾರು 60 ಕೋಟಿ ಟನ್ ಮೀಥೇನ್ ಗಾಳಿಗೆ ಸೇರುತ್ತಿದ್ದು, ಅದರ ಮುಂದೆ ಸ್ವಾಲ್ಬಾರ್ಡಿನದು ಸಮುದ್ರದಲ್ಲಿ ಒಂದು ಬೊಗಸೆ ನೀರು. ‘ಮೀಥೇನ್ ಬಾಂಬು ಸಿಡಿಯಲಿದೆ’ ಎಂಬ ಶೀರ್ಷಿಕೆಗಳು ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಸಂಶೋಧಕರು ಹೇಳಿದ್ದಕ್ಕಿಂತ ಶೀರ್ಷಿಕೆ ಬರೆಯುವವರ ಉತ್ಸಾಹವೇ ಅಲ್ಲಿ ಹೆಚ್ಚು.

ಹಾಗಾದರೆ ಹಿಂದಿನ ಕಾಲದಲ್ಲಿ ಭೂಮಿಯ ಪಾಲೆಷ್ಟಿತ್ತು? ಇದಕ್ಕೆ ಉತ್ತರವನ್ನು ಹುಡುಕಿದವರು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಸಿಲಿ ಪೆಟ್ರೆಂಕೊ ಹಾಗೂ ಅವರ ಬಳಿ ಡಾಕ್ಟರೇಟ್ ಸಂಶೋಧನೆ ನಡೆಸಿದ ಬೆಂಜಮಿನ್ ಹ್ಮೀಲ್ ಮತ್ತು ಮೈಕೆಲ್ ಡಯೋನಿಸಿಯಸ್. ಹಿಮ ಬಿದ್ದು ಗಟ್ಟಿಯಾಗುವಾಗ ಆಯಾ ಕಾಲದ ಗಾಳಿ ಪುಟ್ಟ ಗುಳ್ಳೆಗಳಾಗಿ ಅದರಲ್ಲಿ ಸೆರೆಯಾಗುತ್ತದೆ. ಆ ಗಾಳಿಯ ಮೀಥೇನಿನಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಎಷ್ಟಿದೆಯೆಂದು ಅಳೆಯುವುದೇ ಅವರ ಉಪಾಯ. ಇಂಗಾಲ-14 ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಜೌಗಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಮೀಥೇನಿನಲ್ಲಿ ಅದು ಉಂಟು. ಕೋಟಿ ವರ್ಷಗಳ ಶಿಲೆಯಿಂದ ಬಂದದ್ದರಲ್ಲಿ ಅದರ ಸುಳಿವೂ ಇಲ್ಲ. ಹೀಗೆ ಎರಡನ್ನೂ ಬೇರ್ಪಡಿಸಬಹುದು. ಆದರೆ ಒಂದು ಅಳತೆಗೆ ಸಾಲುವಷ್ಟು ಮೀಥೇನ್ ದೊರೆಯಬೇಕಾದರೆ ಸುಮಾರು ಒಂದು ಟನ್ ಮಂಜುಗಡ್ಡೆಯನ್ನು ಕೊರೆದು ಕರಗಿಸಬೇಕು!

ಹ್ಮೀಲ್ ಅವರು ಗ್ರೀನ್‌ಲೆಂಡಿನ ಹಿಮದಿಂದ ಕೈಗಾರಿಕಾ ಯುಗಕ್ಕೆ ಮುಂಚಿನ ಗಾಳಿಯನ್ನು ಪಡೆದರು. ಆಗ ಎಣ್ಣೆಬಾವಿಗಳಿರಲಿಲ್ಲ, ಆದ್ದರಿಂದ ಹಳೆಯ ಇಂಗಾಲದ ಮೀಥೇನ್ ಏನಿದ್ದರೂ ಅದು ಭೂಮಿಯದೇ. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ನಿರ್ಣಯದಂತೆ ಆ ಪ್ರಮಾಣ ವರ್ಷಕ್ಕೆ ಸುಮಾರು 16 ಲಕ್ಷ ಟನ್, ಅತಿ ಹೆಚ್ಚೆಂದರೆ 54 ಲಕ್ಷ ಟನ್. ಆದರೆ ಇಟಲಿಯ ಜಿಯುಸೆಪ್ಪೆ ಎಟಿಯೋಪೆ ಮೊದಲಾದ ಭೂವಿಜ್ಞಾನಿಗಳು ನೆಲದ ಮೇಲಿನ ಅನಿಲದ ಬುಗ್ಗೆಗಳನ್ನೂ ಮಣ್ಣಿನ ಜ್ವಾಲಾಮುಖಿಗಳನ್ನೂ ಅಳೆದು ಕೂಡಿಸಿದ ಮೊತ್ತ ವರ್ಷಕ್ಕೆ ಸುಮಾರು ನಾಲ್ಕೂವರೆ ಕೋಟಿ ಟನ್. ಎರಡು ಲೆಕ್ಕಗಳಿಗೂ ಅಜಗಜಾಂತರ. ಬುಗ್ಗೆಯ ಬಳಿ ನಿಂತು ಅಳೆದವರದು ಸುಳ್ಳೆನ್ನಲಾಗದು, ಹಿಮದೊಳಗಿನ ಗಾಳಿಯೂ ಸುಳ್ಳು ನುಡಿಯದು. ಇವೆರಡನ್ನೂ ಹೊಂದಿಸುವ ಪ್ರಯತ್ನ ವಿಜ್ಞಾನಿಗಳ ವಲಯದಲ್ಲಿ ಬಿರುಸಾದ ವಾದವನ್ನೇ ಎಬ್ಬಿಸಿತು.

ಈ ವಾದದ ಬೆಲೆ ದೊಡ್ಡದು. ಇಂದಿನ ಗಾಳಿಯಲ್ಲಿ ಹಳೆಯ ಇಂಗಾಲದ ಮೀಥೇನ್ ಒಟ್ಟು ಎಷ್ಟೆಂಬುದು ಬೇರೆ ಅಳತೆಗಳಿಂದ ತಿಳಿದಿದೆ. ಅದರಲ್ಲಿ ಭೂಮಿಯ ಪಾಲು ಅಲ್ಪವಾದರೆ, ಉಳಿದದ್ದೆಲ್ಲ ಎಣ್ಣೆಬಾವಿ, ಅನಿಲದ ಕೊಳವೆ ಹಾಗೂ ಕಲ್ಲಿದ್ದಲ ಗಣಿಗಳಿಂದ ಬಂದದ್ದೇ ಆಗಬೇಕು. ಹ್ಮೀಲ್ ಅವರ ಲೆಕ್ಕದ ಪ್ರಕಾರ ಈ ಮಾನವಕೃತ ಸೋರಿಕೆಯನ್ನು ನಾವು ಶೇಕಡ 25ರಿಂದ 40ರಷ್ಟು ಕಡಿಮೆ ಅಂದಾಜು ಮಾಡಿದ್ದೇವೆ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ರಾಷ್ಟ್ರಗಳು 2030ರೊಳಗೆ ಮೀಥೇನನ್ನು ಶೇಕಡ 30ರಷ್ಟು ತಗ್ಗಿಸುವ ಪ್ರತಿಜ್ಞೆ ಮಾಡಿದಾಗ ಭಾರತ ಅದಕ್ಕೆ ಸೇರಲಿಲ್ಲ. ನಮ್ಮ ಮೀಥೇನಿನ ಬಹುಭಾಗ ಬಡರೈತನ ದನಕರುಗಳಿಂದಲೂ ಭತ್ತದ ಗದ್ದೆಗಳಿಂದಲೂ ಬರುತ್ತದೆ. ಹಸುವಿನ ತೇಗನ್ನು ನಿಲ್ಲಿಸುವುದು ಕಷ್ಟ. ಸೋರುವ ಕೊಳವೆಯನ್ನು ಬಿಗಿಮಾಡುವುದಕ್ಕೆ ಪಾನಾ ಸಾಕು. ಯಾರ ಕಡೆಗೆ ಮೊದಲು ಬೆರಳು ತೋರಬೇಕೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಡಯೋನಿಸಿಯಸ್ ಅವರು ಅಂಟಾರ್ಕ್ಟಿಕದ ಟೇಲರ್ ಹಿಮನದಿಯಿಂದ ಇನ್ನೂ ಹಳೆಯ, ಅಂದರೆ ಹಿಮಯುಗ ಮುಗಿದು ಭೂಮಿ ಬೆಚ್ಚಗಾಗುತ್ತಿದ್ದ ಕಾಲದ ಗಾಳಿಯನ್ನು ಪರೀಕ್ಷಿಸಿದರು. ಆಗಲೂ ಹೆಪ್ಪುನೆಲದಿಂದಾಗಲಿ, ಸಮುದ್ರತಳದ ಅನಿಲಭರಿತ ಹಿಮದಿಂದಾಗಲಿ ಹಳೆಯ ಮೀಥೇನ್ ಹೆಚ್ಚಾಗಿ ಹೊರಬಿದ್ದ ಕುರುಹು ಸಿಗಲಿಲ್ಲ. ಇದು ಭರವಸೆಯ ಸುದ್ದಿ.

ಆದರೂ ಸ್ವಾಲ್ಬಾರ್ಡಿನ ಚಿಲುಮೆಗಳನ್ನು ಯಾರ ಖಾತೆಗೆ ಬರೆಯಬೇಕೆಂಬ ತೊಡಕು ಉಳಿದೇ ಇದೆ. ಅನಿಲ ಪ್ರಕೃತಿಯದು, ಶಿಲೆ ಪ್ರಕೃತಿಯದು. ಮುಚ್ಚಳವನ್ನು ಸರಿಸುತ್ತಿರುವ ತಾಪಕ್ಕೆ ಮುಖ್ಯ ಕಾರಣ ನಾವು. ಅಲಾಸ್ಕಾ ಮತ್ತು ಗ್ರೀನ್‌ಲೆಂಡುಗಳಲ್ಲಿ ಕೇಟಿ ವಾಲ್ಟರ್ ಆಂಥನಿ ಅವರ ತಂಡ 2012ರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಅನಿಲದ ಬುಗ್ಗೆಗಳನ್ನು ಎಣಿಸಿದಾಗಲೂ, ಅವು ಕರಗುತ್ತಿರುವ ಹೆಪ್ಪುನೆಲ ಮತ್ತು ಹಿಂಜರಿಯುತ್ತಿರುವ ಹಿಮನದಿಗಳ ಅಂಚಿನಲ್ಲೇ ಸಾಲುಗಟ್ಟಿದ್ದುದು ಕಂಡುಬಂದಿತ್ತು.

ಇಂತಹ ಕ್ಷೇತ್ರದಲ್ಲಿ ದುಡಿಯಲು ನಮ್ಮ ಮಕ್ಕಳಿಗೂ ಅವಕಾಶವಿದೆಯೆಂಬುದನ್ನು ಇಲ್ಲಿ ಹೇಳಬಯಸುತ್ತೇನೆ. ಮಗ ಇಂಜಿನಿಯರ್ ಆಗಲಿ, ಮಗಳು ಡಾಕ್ಟರ್ ಆಗಲಿ ಎಂದು ಹಂಬಲಿಸುವ ಮನೆಗಳಲ್ಲಿ ಭೂವಿಜ್ಞಾನದ ಹೆಸರು ಕೇಳಿಬರುವುದೇ ಅಪರೂಪ. ಆದರೆ ಹಿಮಾದ್ರಿ ಕೇಂದ್ರವನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿರುವುದು ನಮ್ಮ ನೆರೆಯ ಗೋವೆಯ ವಾಸ್ಕೊ ಪಟ್ಟಣದಲ್ಲೇ.

ಕ್ಲೆಬರ್ ಅವರು ಅಳೆದ 78 ಹಿಮನದಿಗಳೂ ನೆಲದ ಮೇಲೆ ಕೊನೆಗೊಳ್ಳುವಂತಹವು. ಸ್ವಾಲ್ಬಾರ್ಡಿನ ಹಲವು ದೊಡ್ಡ ಹಿಮನದಿಗಳು ಇಂದಿಗೂ ನೇರವಾಗಿ ಸಮುದ್ರಕ್ಕೆ ಇಳಿಯುತ್ತವೆ. ಅವು ಹಿಂದೆ ಸರಿದು ನೆಲವನ್ನು ಮುಟ್ಟಿದಾಗ ಅಲ್ಲಿಯೂ ಹೊಸ ಚಿಲುಮೆಗಳು ತೆರೆದುಕೊಳ್ಳಬಹುದೆಂದು ಅವರ ಲೇಖನ ಸೂಚಿಸುತ್ತದೆ.